ರುದ್ರಪಟ್ಟಣದಿಂದ ಜಾಝ್‌ವರೆಗೆ: ಶಶಾಂಕ್ ಸುಬ್ರಹ್ಮಣ್ಯಂ ಕೊಳಲಿನ ಹಾದಿ

ಕರ್ನಾಟಕ ಸಂಗೀತದ ಖ್ಯಾತ ಕೊಳಲು ವಾದಕ ಶಶಾಂಕ್ ಸುಬ್ರಹ್ಮಣ್ಯಂ ಜನಿಸಿದ್ದು 1978ರ ಅಕ್ಟೋಬರ್ 14ರಂದು, ಹಾಸನ ಜಿಲ್ಲೆಯ ರುದ್ರಪಟ್ಟಣದಲ್ಲಿ. ಕಾವೇರಿ ದಡದ ಈ ಪುಟ್ಟ ಊರು ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣ ಸಹೋದರರಂತಹ ವಿದ್ವಾಂಸರನ್ನು ನಾಡಿಗೆ ಕೊಟ್ಟಿದೆ. ಶಶಾಂಕ್ ಅವರಿಗೆ ತಂದೆಯೇ ಮೊದಲ ಗುರು. ಮುಂದೆ ಶ್ರೀಕಂಠನ್ ಹಾಗೂ ಪಾಲ್ಘಾಟ್ ಕೆ.ವಿ. ನಾರಾಯಣಸ್ವಾಮಿ ಅವರಲ್ಲಿ ಗಾಯನ, ಪಂಡಿತ್ ಜಸ್‌ರಾಜ್ ಅವರಲ್ಲಿ ಹಿಂದೂಸ್ತಾನಿ ಸಂಗೀತ ಕಲಿತರು. 1984ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಮೊದಲ ಕಛೇರಿ. 12ನೇ ವಯಸ್ಸಿನಲ್ಲೇ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯಲ್ಲಿ ಹಿರಿಯ ವಿದ್ವಾಂಸರಿಗೆ ಮೀಸಲಾದ ವೇಳೆಯಲ್ಲಿ ನುಡಿಸುವ ಅವಕಾಶ ಸಿಕ್ಕಿತು.

ಇಂತಹ ಶುದ್ಧ ಶಾಸ್ತ್ರೀಯ ಹಿನ್ನೆಲೆಯವರು ಜಾಝ್‌ಗೆ ಹೊಂದಿಕೊಂಡದ್ದು ಹೇಗೆ?

ನಮ್ಮಲ್ಲಿ ಮನೋಧರ್ಮ, ಅವರಲ್ಲಿ ಇಂಪ್ರೊವೈಸೇಷನ್, ಎರಡೂ ಒಂದೇ ಎನ್ನುವವರಿದ್ದಾರೆ. ವಿಷಯ ಅಷ್ಟು ಸುಲಭವಲ್ಲ. ನಮ್ಮ ಕಛೇರಿಯಲ್ಲಿ ತಂಬೂರಿ ಶ್ರುತಿ ಕೊನೆಯವರೆಗೂ ಅಲುಗಾಡುವುದಿಲ್ಲ. ಜಾಝ್‌ನಲ್ಲಿ ಕೀಬೋರ್ಡ್, ಗಿಟಾರ್‌ಗಳ ಕಾರ್ಡ್‌ಗಳು ಕ್ಷಣಕ್ಷಣಕ್ಕೂ ಬದಲಾಗುತ್ತವೆ, ಒಂಟಿಯಾಗಿ ನುಡಿಸುವವರು ಅವುಗಳ ಬೆನ್ನು ಹತ್ತಬೇಕು. ಇನ್ನು ಗಮಕದ ಮಾತು. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವೇ ಅಲ್ಲ. ಅದಕ್ಕೆ ಪಿಯಾನೋದಲ್ಲಿ ಕೀಲಿಯೇ ಇಲ್ಲ!

ವಾದ್ಯದ ಮಿತಿಯೂ ಇದೆ. ಪಾಶ್ಚಾತ್ಯ ಲೋಹದ ಫ್ಲೂಟ್‌ಗೆ ಕೀಲಿಗಳಿವೆ, ಯಾವ ಸ್ವರಶ್ರೇಣಿಗೂ ಜಿಗಿಯಬಹುದು. ಬಿದಿರಿನ ಕೊಳಲಿಗೆ ಇರುವುದು ಬೆರಳಿಂದ ಮುಚ್ಚುವ ಎಂಟು ರಂಧ್ರಗಳು, ಅರ್ಧ ಮುಚ್ಚಿಯೇ ಕೆಲವು ಸ್ವರ ತೆಗೆಯಬೇಕು. ಶ್ರುತಿ ಬದಲಾದರೆ ಸಾಮಾನ್ಯವಾಗಿ ಕೊಳಲನ್ನೇ ಬದಲಿಸುತ್ತಾರೆ. ಶಶಾಂಕ್ ಇಲ್ಲೊಂದು ಬೇರೆ ದಾರಿ ಹಿಡಿದರು. ಬೇರೆ ಬೇರೆ ಅಳತೆಯ ಕೊಳಲುಗಳನ್ನು ಒಂದೇ ಕಛೇರಿಯಲ್ಲಿ ಬಳಸಿ, ಷಡ್ಜದ ಬೆರಳ ಸ್ಥಾನವನ್ನು ಬದಲಿಸಿಕೊಂಡು, ಶ್ರುತಿಯನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುವ ತಂತ್ರವದು. ಇದರಿಂದ ಮಂದ್ರ ಸ್ಥಾಯಿಯೂ ಕೈಗೆಟುಕಿತು. ಇದು ಹುಟ್ಟಿದ್ದು ರಾಗಾಲಾಪನೆಗಾಗಿಯೇ. ಆದರೆ ಷಡ್ಜವನ್ನು ಎಲ್ಲಿ ಬೇಕಾದರೂ ಹುಡುಕಬಲ್ಲ ಬೆರಳುಗಳಿಗೆ ಜಾಝ್ ಅಷ್ಟೇನೂ ಅಪರಿಚಿತವಾಗಲಾರದು.

ಬ್ರಿಟಿಷ್ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ 1970ರ ದಶಕದಲ್ಲೇ ಝಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಂ ಜತೆ 'ಶಕ್ತಿ' ತಂಡ ಕಟ್ಟಿದವರು. ಅವರ 'ಫ್ಲೋಟಿಂಗ್ ಪಾಯಿಂಟ್' ಆಲ್ಬಂ ಚೆನ್ನೈನಲ್ಲಿ ಧ್ವನಿಮುದ್ರಣಗೊಂಡು 2008ರಲ್ಲಿ ಹೊರಬಂತು. ಡ್ರಮ್ಸ್‌ಗೆ ರಂಜಿತ್ ಬಾರೋಟ್, ಕೀಬೋರ್ಡ್‌ಗೆ ಲೂಯಿ ಬ್ಯಾಂಕ್ಸ್, ಎಲೆಕ್ಟ್ರಿಕ್ ಮ್ಯಾಂಡೊಲಿನ್‌ಗೆ ಯು. ರಾಜೇಶ್. ಅತಿಥಿ ಕಲಾವಿದರಲ್ಲಿ ಶಶಾಂಕ್ ಒಬ್ಬರು. 'ಶಕ್ತಿ'ಯಲ್ಲಿ ಜಾಝ್ ಕಲಾವಿದರೊಬ್ಬರು ಭಾರತೀಯ ಸಂಗೀತದತ್ತ ಬಂದಿದ್ದರು. ಇಲ್ಲಿ ನಮ್ಮವರೇ ಅವರ ನೆಲಕ್ಕೆ ಹೋಗಿ ನುಡಿಸಬೇಕಿತ್ತು. ಹೀಗಾಗಿ ಇದೇ ಹೆಚ್ಚು ಕಠಿಣ ಪರೀಕ್ಷೆ ಎನ್ನಬೇಕು.

ಆಲ್ಬಂ 2009ರ ಗ್ರ್ಯಾಮಿಯಲ್ಲಿ ಸಮಕಾಲೀನ ಜಾಝ್ ವಿಭಾಗಕ್ಕೆ ನಾಮನಿರ್ದೇಶನಗೊಂಡಿತು. ಭಾರತದ ನಂಟಿನ 'ಮೈಲ್ಸ್ ಫ್ರಮ್ ಇಂಡಿಯಾ' ಕೂಡ ಅದೇ ಪಟ್ಟಿಯಲ್ಲಿತ್ತು. ಪ್ರಶಸ್ತಿ ಮಾತ್ರ ರ್‍ಯಾಂಡಿ ಬ್ರೆಕರ್ ಪಾಲಾಯಿತು.

ಫ್ಲಮೆಂಕೊ ಗಿಟಾರ್ ದಿಗ್ಗಜ ಪಾಕೊ ಡಿ ಲೂಸಿಯಾ ಜತೆಗೂ ನುಡಿಸಿರುವ ಶಶಾಂಕ್, ಇಷ್ಟೆಲ್ಲದರ ನಡುವೆ ರಾಗಂ-ತಾನಂ-ಪಲ್ಲವಿ ಬಿಟ್ಟವರಲ್ಲ. 2017ನೇ ಸಾಲಿನ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಅವರಿಗೆ ಸಂದದ್ದು ಕರ್ನಾಟಕ ಸಂಗೀತದ ಕೊಳಲು ವಾದನಕ್ಕೇ.