ಖತ್‌ಗಳಲ್ಲಿ ಉಳಿದ ಸದಮಾ: ಬೊಂಬಾಯಿ ಬಂದರು ದಾಟಿದ ಸಿಪಾಯಿಗಳ ಮನಸ್ಸಿನ ಗಾಯ

ಚೆಂಬೂರು ಕ್ಯಾಂಪ್ ಅಂದರೆ ಈಗ ಯಾರಿಗೂ ಶಿಬಿರ ನೆನಪಾಗುವುದಿಲ್ಲ. ಬಟ್ಟೆ ಅಂಗಡಿ, ದಾಲ್ ಪಕ್ವಾನ್, ಮೊನೊರೈಲಿನ ಕಂಬಗಳು, ಟ್ರಾಫಿಕ್. 1947ರ ವಿಭಜನೆಯ ನಂತರ ಸಿಂಧ್ ಬಿಟ್ಟು ಬಂದವರನ್ನು ಇಲ್ಲಿ ಇಳಿಸಿದ್ದರು ಎಂಬುದು ಹೆಸರಿನಲ್ಲಿ ಮಾತ್ರ ಉಳಿದಿದೆ.

ಆ ಕ್ಯಾಂಪಿಗೆ ಹತ್ತು ನಿಮಿಷ ನಡೆದರೆ ನಮ್ಮ ಕಟ್ಟಡ. ನಮ್ಮ ಕೆಳಗಿನ ಮಾಳಿಗೆಯಲ್ಲಿ ಫೌಜಿ ಚಾಚಾ ಇದ್ದಾರೆ. ವಿಜಯಪುರ ಜಿಲ್ಲೆಯವರು. ಮನೆಯಲ್ಲಿ ದಖನಿ, ನನ್ನ ಹತ್ತಿರ ಕನ್ನಡ, ವಾಚ್‌ಮನ್ ಹತ್ತಿರ ಮರಾಠಿ. 1987ರಲ್ಲಿ ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆಯಲ್ಲಿದ್ದರು. ಆ ಪಡೆ 1990ರ ಮಾರ್ಚಿನಲ್ಲಿ ಪೂರ್ತಿ ವಾಪಸ್ ಬರುವ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಚಾಚಾ ಬದುಕಿ ಬಂದವರು. ಗಣಪತಿ, ದೀಪಾವಳಿ ಬಂತೆಂದರೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿ, ನಲ್ಲಿ ತಿರುಗಿಸಿ ಕೂತುಬಿಡ್ತಾರೆ. ನೀರಿನ ಸದ್ದಿನಲ್ಲಿ ಪಟಾಕಿ ಕೇಳಿಸುವುದಿಲ್ಲವಂತೆ. ನಲ್ಲಿಯಲ್ಲಿ ನೀರು ಬಾರದ ಹೊತ್ತಿನಲ್ಲಿ ಏನು ಮಾಡ್ತಾರೆ ಅಂತ ಕೇಳಲು ನನಗೆ ಧೈರ್ಯವಾಗಲಿಲ್ಲ.

ನೆಂಟರು ಕೆಲವರು ಆಸೇಬ್ ಅಂದರು. ತಾಯಿತ ಕಟ್ಟಿಸಿದ್ದಾಯಿತು, ದರ್ಗಾಕ್ಕೆ ಕರೆದುಕೊಂಡು ಹೋಗಿದ್ದಾಯಿತು. ಚಾಚಿಯ ಆ ಓಡಾಟವನ್ನು ಹಗುರವಾಗಿ ಮಾತಾಡಲು ನನಗೆ ಇಷ್ಟವಿಲ್ಲ, ಆಗ ಅವರಿಗೆ ಬೇರೆ ದಾರಿ ತೋರಿಸಿದವರೂ ಇರಲಿಲ್ಲ. ಎರಡು ವರ್ಷದ ಹಿಂದೆ ಒಂದು ಹಳೆಯ ಕಾಗದ ತಂದು, "ಟೀಚರಮ್ಮಾ, ಇದರಲ್ಲಿ ಏನು ಬರ್ದಿದೆ ನೋಡ್ರೀ" ಅಂದರು. ಇಂಗ್ಲಿಷಿನ ಒಂದೇ ಸಾಲು. ಈ ಕಾಯಿಲೆ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಹೆಚ್ಚಾದದ್ದೂ ಅಲ್ಲ. ಅಂದರೆ ಅಂಗವೈಕಲ್ಯ ಪಿಂಚಣಿ ಇಲ್ಲ.

ನಾನು ಶಾಲೆಯಲ್ಲಿ ಇತಿಹಾಸವನ್ನೂ ಉರ್ದುವನ್ನೂ ಕಲಿಸುವವಳು. ಮೊದಲನೇ ಮಹಾಯುದ್ಧದ ಪಾಠದಲ್ಲಿ ಆರ್ಚ್‌ಡ್ಯೂಕ್ ಇದ್ದಾನೆ, ಒಪ್ಪಂದಗಳಿವೆ, ಭಾರತದ ಸಿಪಾಯಿಗಳಿಗೆ ಒಂದೂವರೆ ಸಾಲು ಇದೆ. ಆ ಕಾಗದ ಓದಿದ ಮೇಲೆ ನನಗೆ ಆ ಒಂದೂವರೆ ಸಾಲಿನ ಹಿಂದೆ ಹೋಗಬೇಕು ಅನ್ನಿಸಿತು.

1914ರಲ್ಲಿ ಬೊಂಬಾಯಿ ಮತ್ತು ಕರಾಚಿ ಬಂದರುಗಳಿಂದ ಲಾಹೋರ್ ಮತ್ತು ಮೀರತ್ ಡಿವಿಜನ್‌ಗಳು ಹಡಗು ಹತ್ತಿದವು. ಸೆಪ್ಟೆಂಬರ್ ಕೊನೆಗೆ ಮೊದಲ ತುಕಡಿಗಳು ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದವು. ಅಕ್ಟೋಬರಿನಲ್ಲಿ ಈಪ್ರ್ ಬಳಿಯ ಕಂದಕಗಳು, ಮುಂದಿನ ಮಾರ್ಚಿನಲ್ಲಿ ನವ್ ಶಪೆಲ್. ಚಳಿಗಾಲಕ್ಕೆ ತಕ್ಕ ಬಟ್ಟೆಯೂ ಮೊದಲಿಗೆ ಸರಿಯಾಗಿ ಇರಲಿಲ್ಲ. ದಿನವಿಡೀ ತಲೆಯ ಮೇಲೆ ತೋಪಿನ ಗುಂಡು. 1915ರ ಫೆಬ್ರವರಿಯಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ 'ಶೆಲ್ ಶಾಕ್' ಎಂಬ ಹೆಸರು ಬಳಸಿ ಬರೆದ. ಮೈಮೇಲೆ ಗಾಯವಿಲ್ಲ, ಆದರೆ ಕಣ್ಣು ಮಂಜು, ನಿದ್ದೆಯಿಲ್ಲ, ನೆನಪಿಲ್ಲ. ಅವನು ವಿವರಿಸಿದ್ದು ಬ್ರಿಟಿಷ್ ಸೈನಿಕರನ್ನು.

ನಮ್ಮವರ ವಿಷಯ ಬಂದಾಗ ಮಾತು ಬೇರೆಯಾಗುತ್ತಿತ್ತು. 'ಯೋಧ ಜನಾಂಗ'ದವರಿಗೆ ಅಂಥ ನಾಜೂಕು ನರಗಳು ಎಲ್ಲಿ ಎಂಬ ಧೋರಣೆ ಒಂದು ಕಡೆ. ಇನ್ನೊಂದು ಕಡೆ, ಕೈಗೆ ಗುಂಡು ತಗುಲಿ ಬಂದರೆ ತಾನೇ ಹೊಡೆದುಕೊಂಡನೇನೋ ಎಂಬ ಅನುಮಾನ. ಇಂಗ್ಲೆಂಡಿನ ಬ್ರೈಟನ್ ಊರಿನ ಕಿಚನರ್ ಇಂಡಿಯನ್ ಆಸ್ಪತ್ರೆಯಲ್ಲಿ ಕರ್ನಲ್ ಬ್ರೂಸ್ ಸೀಟನ್ 1000 ಗಾಯಗಳನ್ನು ಒಂದೊಂದಾಗಿ ಪರೀಕ್ಷಿಸಿ ವರದಿ ಬರೆದ. ಆ ಆರೋಪಕ್ಕೆ ಅದರಲ್ಲಿ ಆಧಾರ ಸಿಗಲಿಲ್ಲ. ಅದೇ ಆಸ್ಪತ್ರೆಯ ಸುತ್ತ ಮುಳ್ಳುತಂತಿ, ಕಾವಲು. ಗಾಯ ಮಾಯ್ದವನನ್ನು ಮತ್ತೆ ಕಂದಕಕ್ಕೆ ಕಳಿಸುತ್ತಿದ್ದರು. ಒಮ್ಮೆ ಗಾಯಗೊಂಡವನನ್ನು ಊರಿಗೆ ಬಿಡಬೇಡವೇ ಎಂಬುದು ಸಿಪಾಯಿಗಳ ದೊಡ್ಡ ಅಳಲಾಗಿತ್ತು.

ಆ ಅಳಲು ನಮಗೆ ಗೊತ್ತಾಗಿದ್ದು ಅವರ ಖತ್‌ಗಳಿಂದ. ಬಹಳಷ್ಟು ಉರ್ದುವಿನಲ್ಲಿ, ಹಿಂದಿ, ಗುರುಮುಖಿಯಲ್ಲೂ ಇವೆ. ಓದು ಬಾರದವನು ಬರೆಯಬಲ್ಲವನ ಕೈಯಲ್ಲಿ ಬರೆಸುತ್ತಿದ್ದ. ಅವು ಸೆನ್ಸಾರ್ ಮೇಜಿನ ಮೇಲೆ ಬಿಚ್ಚಲ್ಪಡುತ್ತಿದ್ದವು, ಕೆಲವನ್ನು ಇಂಗ್ಲಿಷಿಗೆ ತರ್ಜುಮೆ ಮಾಡಿ ವರದಿಗೆ ಸೇರಿಸುತ್ತಿದ್ದರು. ಅದಕ್ಕೇ ಇವತ್ತು ನಾವು ಅವನ್ನು ಓದಲು ಸಾಧ್ಯ. ಡೇವಿಡ್ ಒಮಿಸ್ಸಿ ಎಂಬ ಇತಿಹಾಸಕಾರರು ಅವನ್ನು ಆರಿಸಿ 1999ರಲ್ಲಿ ಪುಸ್ತಕ ಮಾಡಿದರು. ಮೂಲ ಉರ್ದು ಹೆಚ್ಚಿನಂಶ ಕಳೆದುಹೋಗಿದೆ. ನಮ್ಮ ಭಾಷೆಯ ನೋವನ್ನು ಇಂಗ್ಲಿಷಿನಲ್ಲಿ ಓದಿ ಮನಸ್ಸಿನಲ್ಲೇ ಉರ್ದುವಿಗೆ ತಿರುಗಿಸಿಕೊಳ್ಳಬೇಕು, ಇದೊಂದು ವಿಚಿತ್ರ ಕೆಲಸ. ಸೆನ್ಸಾರ್ ಕಣ್ಣು ತಪ್ಪಿಸಲು ಸಿಪಾಯಿಗಳು ಸಂಕೇತವನ್ನೂ ಹುಡುಕಿಕೊಂಡಿದ್ದರು: ಕರಿಮೆಣಸು ಎಂದರೆ ಹಿಂದೂಸ್ತಾನಿ ಸಿಪಾಯಿಗಳು, ಕೆಂಪು ಮೆಣಸಿನಕಾಯಿ ಎಂದರೆ ಗೋರಾಗಳು. ಕರಿಮೆಣಸು ಮುಗೀತಾ ಬಂದಿದೆ ಅಂತ ಬರೆದರೆ ಊರಿನವರಿಗೆ ಅರ್ಥವಾಗಬೇಕು.

ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು. ಸೆನ್ಸಾರ್ ಮುಖ್ಯಸ್ಥ ಕ್ಯಾಪ್ಟನ್ ಹೋವೆಲ್ 1915ರ ಆರಂಭದ ತನ್ನ ವರದಿಯಲ್ಲಿ, ಸಿಪಾಯಿಗಳ ಪತ್ರಗಳಲ್ಲಿ ಕವಿತೆ ಹೆಚ್ಚಾಗುತ್ತಿದೆ, ಇದು ಮನಸ್ಸು ಕದಡಿರುವುದರ ಕೆಟ್ಟ ಸೂಚನೆ ಎಂಬ ಅರ್ಥದ ಮಾತು ಬರೆದಿದ್ದಾನೆ. ಮೊದಲು ಓದಿದಾಗ ನನಗೆ ಸಿಟ್ಟು ಬಂತು. ನಮ್ಮಲ್ಲಿ ಮದುವೆ ಕರೆಯೋಲೆಯಲ್ಲೂ ಶೇರ್ ಇರುತ್ತದೆ. ನನ್ನ ನಾನಾ ರೇಷನ್ ಕಾರ್ಡಿನ ಹಿಂದೆ ಶೇರ್ ಬರೆಯುತ್ತಿದ್ದರು. ಅವರಿಗೇನು ಹುಚ್ಚು ಹಿಡಿದಿತ್ತೇ? ಆಮೇಲೆ ಯೋಚಿಸಿದೆ. ಹೋವೆಲ್‌ಗೆ ಉರ್ದು ರೂಢಿ ಪೂರ್ತಿ ತಿಳಿದಿರಲಿಕ್ಕಿಲ್ಲ, ಆದರೆ ಪೂರ್ತಿ ತಪ್ಪೂ ಅಲ್ಲ. ನೇರವಾಗಿ ಹೇಳಿದರೆ ಸೆನ್ಸಾರ್ ಹೊಡೆದುಹಾಕುತ್ತಾನೆ, ಹೇಳದಿದ್ದರೆ ಎದೆ ಒಡೆಯುತ್ತದೆ. ಅಂಥ ಹೊತ್ತಿನಲ್ಲಿ ಶಾಯರಿ ಬಿಟ್ಟು ಬೇರೆ ಏನಿತ್ತು? ಅವನು ಲಕ್ಷಣವನ್ನು ಗುರುತಿಸಿದ. ಅದು ಅವರೇ ಹುಡುಕಿಕೊಂಡಿದ್ದ ಔಷಧಿಯೂ ಹೌದು ಎಂಬುದು ಅವನಿಗೆ ಹೊಳೆಯಲಿಲ್ಲ, ಅಷ್ಟೇ.

1915ರ ಕೊನೆಗೆ ಪದಾತಿ ಪಡೆಗಳನ್ನು ಫ್ರಾನ್ಸಿನಿಂದ ತೆಗೆದು ಮೆಸಪೊಟೇಮಿಯಾಕ್ಕೆ ಕಳಿಸಿದರು. ಆ ಯುದ್ಧದ ಗಾಯಾಳುಗಳನ್ನು ಹೊತ್ತ ಹಡಗುಗಳು ಬರುತ್ತಿದ್ದುದು ಬೊಂಬಾಯಿಗೆ. ಶಾಲಾ ಮಕ್ಕಳನ್ನು ನಾವು ಪ್ರವಾಸಕ್ಕೆ ಕರೆದೊಯ್ಯುವ ಕಾಲಾ ಘೋಡಾದ ವಸ್ತುಸಂಗ್ರಹಾಲಯ ಇದೆಯಲ್ಲ, ಆಗಿನ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಂ, ಅದು 1914ರಲ್ಲಿ ಕಟ್ಟಿ ಮುಗಿದರೂ ಮ್ಯೂಸಿಯಂ ಆಗಿ ತೆರೆದದ್ದು 1922ರ ಜನವರಿಯಲ್ಲಿ. ನಡುವೆ ಅದು ಮಿಲಿಟರಿ ಆಸ್ಪತ್ರೆಯಾಗಿತ್ತು. ಈ ಸಲ ಮಕ್ಕಳಿಗೆ ಬುದ್ಧನ ಮೂರ್ತಿಗಿಂತ ಮೊದಲು ಇದನ್ನೇ ಹೇಳಿದೆ.

ನಮ್ಮ ಮೈಸೂರು ಲ್ಯಾನ್ಸರ್ಸ್ ಕೂಡ ಆ ಯುದ್ಧಕ್ಕೆ ಹೋದವರು. ಸೂಯೆಜ್ ಕಾಲುವೆ ಕಾದರು, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಲ್ಯಾನ್ಸರ್ಸ್ ಜೊತೆ ಹೈಫಾ ಗೆದ್ದರು. ಈ ಕುದುರೆ ಪಡೆಯಲ್ಲಿ ದಖನಿ ಮಾತಾಡುವ ಮುಸ್ಲಿಂ ಸವಾರರೂ ಇದ್ದರು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಸ್ಮಾರಕವಿದೆ, ದಿಲ್ಲಿಯ ತೀನ್ ಮೂರ್ತಿಯಲ್ಲಿ ಮೂರರಲ್ಲೊಂದು ಪ್ರತಿಮೆ ಮೈಸೂರಿನದು. ಗೆದ್ದ ದಿನದ ಲೆಕ್ಕ ಸಿಗುತ್ತದೆ. ಮನೆಗೆ ಬಂದವನು ರಾತ್ರಿ ಹೇಗೆ ಮಲಗಿದ ಎಂಬುದಕ್ಕೆ ಸ್ಮಾರಕದಲ್ಲಿ ಜಾಗವಿಲ್ಲ.

ಗೋರಾ ಸೈನಿಕರ ಮನಸ್ಸಿಗೆ ಮಾತ್ರ ನಮ್ಮ ನೆಲದಿಂದಲೇ ಒಂದು ಪದ ಹೋಯಿತು. ಕಸಾರಾ ಘಾಟ್ ಹತ್ತಿ ನಾಸಿಕ್‌ಗೆ ಮೊದಲು ಬರುವ ದೇವಲಾಲಿಯಲ್ಲಿ, ಊರಿಗೆ ಹೊರಡುವ ಹಡಗಿಗಾಗಿ ಸೈನಿಕರು ತಿಂಗಳುಗಟ್ಟಲೆ ಕಾಯುತ್ತಿದ್ದರು. ಬಿಸಿಲು, ಬೇಸರ, ಕುಡಿತ, ಜ್ವರ. ತಲೆ ಕೆಟ್ಟವನಿಗೆ 'ಡೂಲಾಲಿ ತಪ್' ಅಂದರು. ಈ 'ತಪ್' ಫಾರಸಿಯಿಂದ ಉರ್ದುವಿಗೆ ಬಂದ ಜ್ವರ, ನಮ್ಮ ಕನ್ನಡದ 'ತಾಪ'ಕ್ಕೆ ನೆಂಟ.

1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಬಂದವರ ಹೋರಾಟದ ನಂತರ, ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಪಿ.ಟಿ.ಎಸ್.ಡಿ. ಎಂಬ ಹೆಸರು ಸೇರಿಸಿತು. ಆಘಾತ ಮುಗಿದ ಮೇಲೂ ಅದು ಮತ್ತೆ ಮತ್ತೆ ನಡೆಯುತ್ತಿದೆ ಎಂದು ಮೈ ನಂಬುವುದು. ಸದ್ದಿಗೆ ಬೆಚ್ಚುವುದು, ನೆನಪಿಸುವ ಜಾಗ ತಪ್ಪಿಸುವುದು, ಕೆಟ್ಟ ಕನಸು. ಉರ್ದುವಿನ 'ಸದಮಾ' ಪದದ ಮೂಲ ಅರ್ಥವೂ ಹೊಡೆತ, ಡಿಕ್ಕಿ. ಮನಸ್ಸಿಗೂ ಕಾಯಿಲೆ, ಅದಕ್ಕೂ ಚಿಕಿತ್ಸೆ ಎಂಬುದು ನಮಗೆ ಹೊರಗಿನ ವಿಚಾರವೂ ಅಲ್ಲ. ಸಾವಿರ ವರ್ಷಗಳಿಗೂ ಹಿಂದೆ ಅಬೂ ಝೈದ್ ಅಲ್ ಬಲ್ಖೀ ದೇಹ ಮತ್ತು ಮನಸ್ಸಿನ ಆರೋಗ್ಯದ ಬಗ್ಗೆ ಪುಸ್ತಕ ಬರೆದು ಭಯ, ದುಃಖ, ಕೋಪಗಳನ್ನು ಬೇರೆ ಬೇರೆಯಾಗಿ ವಿವರಿಸಿದ್ದರು. ಚಾಚಿಗೆ ಇದನ್ನು ಹೇಳಿದಾಗ, ತಾಯಿತದ ಮಾತಿಗಿಂತ ಜಾಸ್ತಿ ಹೊತ್ತು ಕೇಳಿದರು.

ಪಿಂಚಣಿ ಕಾಗದದ ಮಾತು. 2013ರಲ್ಲಿ ಧರ್ಮವೀರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1982ರ ನಿಯಮಗಳನ್ನು ಆಧರಿಸಿ ಹೇಳಿದ್ದು ಹೀಗೆ: ಸೇರುವಾಗ ಕಾಯಿಲೆ ದಾಖಲಾಗಿರದಿದ್ದರೆ ಅವನು ಆರೋಗ್ಯವಂತ ಎಂದೇ ಭಾವಿಸಬೇಕು, ಆಮೇಲೆ ಬಂದದ್ದು ಸೇವೆಯಿಂದಲೇ ಎಂದು ತೋರಿಸುವ ಹೊಣೆ ಸೈನಿಕನ ಮೇಲಿಲ್ಲ. ಚಾಚಾ ಸೇರಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ, ಪೈಲ್ವಾನರ ಮನೆಯಿಂದ. ಒಬ್ಬ ವಕೀಲರಿಗೆ ಕಾಗದ ತೋರಿಸಿದ್ದೇವೆ. ಅರ್ಜಿ ಹೋಗಿದೆ, ಉತ್ತರ ಬಂದಿಲ್ಲ.

ಅರ್ಜಿಗೆ ಕಾಗದ ಹುಡುಕುವಾಗ ಟ್ರಂಕಿನಲ್ಲಿ ಒಂದು ಡೈರಿ ಸಿಕ್ಕಿತು. ಪುಟ ಪುಟಕ್ಕೂ ಉರ್ದುವಿನಲ್ಲಿ ಶೇರ್‌ಗಳು, ಕೆಳಗೆ ತಾರೀಕು. ಹೆಚ್ಚಿನವು ಗಣಪತಿ ಹಬ್ಬದ ದಿನಗಳವು. ನಾನು ಡೈರಿಯ ಒಳ ರಟ್ಟಿನ ಮೇಲೆ 14416 ಎಂದು ಬರೆದುಕೊಟ್ಟೆ, ಸರಕಾರದ ಟೆಲಿ ಮಾನಸ್ ನಂಬರು. ಸೈನಿಕರಿಗಾಗಿಯೇ 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ಒಂದು ಘಟಕ ಶುರುವಾಗಿದೆ ಅಂತಲೂ ಹೇಳಿದೆ. ಚಾಚಾ ಕನ್ನಡಕ ಹಾಕಿಕೊಂಡು ನಂಬರು ನೋಡಿದರು. "ಕನ್ನಡದಾಗ ಮಾತಾಡ್ತಾರೇನವಾ?" ಅಂದರು. ಹೌದು ಚಾಚಾ, ಮಾತಾಡ್ತಾರೆ ಅಂದೆ. "ನೋಡೂಣು," ಅಂತ ಡೈರಿಯನ್ನು ತಮ್ಮ ದಿಂಬಿನ ಕೆಳಗೆ ಇಟ್ಟುಕೊಂಡರು.