ಸ್ಪಾಟಿಫೈಗೆ ಕಟ್ಟುವ ದುಡ್ಡು ಯುದ್ಧದ ಡ್ರೋನ್‌ಗೆ ಹೋಗುತ್ತದೆಯೇ? ಫಾರ್ವರ್ಡ್ ಮಾಡುವ ಮುನ್ನ ಓದಿ

"ನೀವು ಹಾಡು ಕೇಳಲು ಕಟ್ಟುವ ದುಡ್ಡಿನಿಂದ ಡ್ರೋನ್ ತಯಾರಾಗುತ್ತಿದೆ. ದೊಡ್ಡ ದೊಡ್ಡ ಗಾಯಕರೆಲ್ಲ ಬಿಟ್ಟು ಹೋದರು. ಮೂರನೇ ಮಹಾಯುದ್ಧ ಬಾಗಿಲಲ್ಲಿದೆ, ಆ್ಯಪ್ ಈಗಲೇ ಡಿಲೀಟ್ ಮಾಡಿ." ಈ ಧಾಟಿಯ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತವೆ.

ಮಂಗಳೂರಿನ ಬೋಳಾರದಂಥ ಕಡೆ ಇದನ್ನು ಓದಿ ನಕ್ಕು ಸುಮ್ಮನಾಗುವುದು ಸುಲಭವಲ್ಲ. ಇಲ್ಲಿ ಎಷ್ಟೋ ಮನೆಗಳಿಂದ ಒಬ್ಬರಾದರೂ ದುಬೈ, ದೋಹಾ, ಕುವೈತ್‌ನಲ್ಲಿ ದುಡಿಯುತ್ತಿದ್ದಾರೆ. ಯುದ್ಧ ಎಂಬ ಪದ ಕಂಡರೆ ಮೊದಲು ನೆನಪಾಗುವುದು ಅವರೇ. ಅದೇ ಊರಿನಲ್ಲಿ ತುಳು, ಕೊಂಕಣಿ, ಬ್ಯಾರಿ ಹಾಡು ಮಾಡಿ ಇಂಟರ್ನೆಟ್‌ಗೆ ಹಾಕುವ ಕಲಾವಿದರೂ ಇದ್ದಾರೆ. ಹಾಗಾಗಿ ಸಂದೇಶದ ಒಂದೊಂದೇ ಭಾಗವನ್ನು ನೋಡೋಣ.

ಮೊದಲು ಚಿಕ್ಕ ಉತ್ತರ: ಸಂದೇಶ ಅರ್ಧ ಸತ್ಯ. ಕೆಲವು ಕಲಾವಿದರು ಹೊರನಡೆದದ್ದು ನಿಜ. ನಿಮ್ಮ ದುಡ್ಡು ನೇರವಾಗಿ ಡ್ರೋನ್‌ಗೆ ಹೋಗುತ್ತದೆ ಎಂಬುದು ನಿಜವಲ್ಲ. ಮಹಾಯುದ್ಧದ ಮಾತಿಗೂ ಇದಕ್ಕೂ ಸಂಬಂಧವಿಲ್ಲ.

ನಡೆದದ್ದೇನು?

ಸ್ಪಾಟಿಫೈ ಸ್ವೀಡನ್‌ನಲ್ಲಿ ಹುಟ್ಟಿದ ಕಂಪನಿ. ಅದರ ಸ್ಥಾಪಕರಲ್ಲೊಬ್ಬರು ಡೇನಿಯಲ್ ಎಕ್. ಅವರಿಗೆ ಪ್ರಿಮಾ ಮಟೀರಿಯಾ ಎಂಬ ಬೇರೊಂದು ಹೂಡಿಕೆ ಸಂಸ್ಥೆಯಿದೆ. ಜರ್ಮನಿಯ ಮ್ಯೂನಿಕ್‌ನಲ್ಲಿರುವ ಹೆಲ್ಸಿಂಗ್ ಎಂಬ ರಕ್ಷಣಾ ಕಂಪನಿಯಲ್ಲಿ ಈ ಸಂಸ್ಥೆ 2021ರಲ್ಲಿ 10 ಕೋಟಿ ಯೂರೋ ಹೂಡಿತು. 2025ರ ಜೂನ್‌ನಲ್ಲಿ ಹೆಲ್ಸಿಂಗ್ 60 ಕೋಟಿ ಯೂರೋ ಬಂಡವಾಳ ಸಂಗ್ರಹಿಸಿದಾಗ ಹೂಡಿಕೆದಾರರ ಮುಂದಾಳತ್ವ ವಹಿಸಿದ್ದೂ ಇದೇ ಸಂಸ್ಥೆ. ಎಕ್ ಹೆಲ್ಸಿಂಗ್‌ನ ಅಧ್ಯಕ್ಷರೂ ಹೌದು. ಹೆಲ್ಸಿಂಗ್ ಯುದ್ಧಕ್ಕೆ ಬೇಕಾದ ಕೃತಕ ಬುದ್ಧಿಮತ್ತೆಯ ಸಾಫ್ಟ್‌ವೇರ್ ಮತ್ತು ಡ್ರೋನ್ ತಯಾರಿಸುತ್ತದೆ.

ಈ ಸುದ್ದಿ ಬಂದ ಮೇಲೆ ಅಮೆರಿಕದ ಡೀರ್‌ಹೂಫ್, ಆಸ್ಟ್ರೇಲಿಯಾದ ಕಿಂಗ್ ಗಿಜರ್ಡ್ ಆ್ಯಂಡ್ ದ ಲಿಜರ್ಡ್ ವಿಜರ್ಡ್ ತಂಡಗಳು ಸ್ಪಾಟಿಫೈ ಬಿಡುವುದಾಗಿ ಹೇಳಿದವು. ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಮ್ಯಾಸಿವ್ ಅಟ್ಯಾಕ್ ತಂಡವೂ ತನ್ನ ಹಾಡುಗಳನ್ನು ತೆಗೆಯಲು ಕೇಳಿತು. ಸ್ಪಾಟಿಫೈ ಮತ್ತು ಹೆಲ್ಸಿಂಗ್ ಎರಡೂ ಸಂಪೂರ್ಣ ಬೇರೆ ಬೇರೆ ಕಂಪನಿಗಳು ಎಂಬುದು ಸ್ಪಾಟಿಫೈ ಕೊಟ್ಟ ಉತ್ತರ. ತನ್ನ ತಂತ್ರಜ್ಞಾನ ಯುರೋಪಿನ ದೇಶಗಳ ರಕ್ಷಣೆಗೆ ಬಳಕೆಯಾಗುತ್ತಿದೆ ಎಂದು ಹೆಲ್ಸಿಂಗ್ ಹೇಳಿದೆ.

ನಿಮ್ಮ ನೂರು ರೂಪಾಯಿ ಎಲ್ಲಿಗೆ ಹೋಗುತ್ತದೆ?

ಲೆಕ್ಕ ಸುಲಭವಾಗಲೆಂದು ನೀವು ನೂರು ರೂಪಾಯಿ ಕಟ್ಟಿದಿರಿ ಎಂದುಕೊಳ್ಳಿ. ತನ್ನ ಆದಾಯದ ಸುಮಾರು ಮೂರನೇ ಎರಡು ಭಾಗ ಹಾಡಿನ ಹಕ್ಕುದಾರರಿಗೆ ಹೋಗುತ್ತದೆ ಎಂದು ಸ್ಪಾಟಿಫೈ ಹೇಳುತ್ತದೆ. ಉಳಿದದ್ದು ಕಂಪನಿಗೆ. ಅದರಲ್ಲಿ ಸಂಬಳ, ಸರ್ವರ್, ಜಾಹೀರಾತು ಎಲ್ಲ ಕಳೆದು ಉಳಿದರೆ ಅದು ಲಾಭ. ಕಂಪನಿ ಚೆನ್ನಾಗಿ ನಡೆದರೆ ಷೇರಿನ ಬೆಲೆ ಏರುತ್ತದೆ. ಎಕ್ ಶ್ರೀಮಂತರಾದದ್ದು ಮುಖ್ಯವಾಗಿ ಆ ಷೇರುಗಳಿಂದ. ಹೆಲ್ಸಿಂಗ್‌ನಲ್ಲಿ ಹೂಡಿಕೆಯಾದದ್ದು ಸ್ಪಾಟಿಫೈ ಖಾತೆಯ ಹಣವಲ್ಲ, ಅವರ ಬೇರೆ ಸಂಸ್ಥೆಯ ಹಣ.

ಅಂದರೆ ನಿಮ್ಮ ನೋಟಿಗೂ ಡ್ರೋನಿಗೂ ನಡುವೆ ನಾಲ್ಕೈದು ಮೆಟ್ಟಿಲುಗಳಿವೆ. ನೇರ ದಾರಿ ಇಲ್ಲ. ಆದರೆ "ನನ್ನ ಹಾಡಿನಿಂದ ಶ್ರೀಮಂತರಾದವರು ಆ ಸಂಪತ್ತನ್ನು ಶಸ್ತ್ರಾಸ್ತ್ರಕ್ಕೆ ಹಾಕುವುದು ನನಗೆ ಒಪ್ಪಿಗೆಯಿಲ್ಲ" ಎಂದು ಕಲಾವಿದರು ಹೇಳಿದರೆ ಅದು ಸುಳ್ಳು ಸುದ್ದಿಯಲ್ಲ, ಅವರ ನಿಲುವು. ಉಕ್ರೇನ್‌ನ ಸ್ಥಿತಿ ನೋಡಿ ಇದಕ್ಕೆ ವಿರುದ್ಧ ನಿಲುವು ತಳೆದವರೂ ಇದ್ದಾರೆ. ನಿಲುವನ್ನು ಒಪ್ಪಬಹುದು, ಬಿಡಬಹುದು. ಫ್ಯಾಕ್ಟ್ ಚೆಕ್ ಮಾಡಬೇಕಾದದ್ದು ದುಡ್ಡಿನ ದಾರಿಯನ್ನು.

ಹಾಡು ಮಾಯವಾದರೆ ಅದು ಬಹಿಷ್ಕಾರವೇ?

ಯಾವಾಗಲೂ ಅಲ್ಲ. ಇಲ್ಲಿ ಮೂರು ಬೇರೆ ಬೇರೆ ಸಂಗತಿಗಳನ್ನು ಫಾರ್ವರ್ಡ್‌ಗಳು ಕಲಸಿಬಿಡುತ್ತವೆ.

ಒಂದು, ಕಲಾವಿದರೇ ತೆಗೆಸುವುದು. 2022ರ ಜನವರಿಯಲ್ಲಿ ಕೋವಿಡ್ ಲಸಿಕೆಯ ತಪ್ಪು ಮಾಹಿತಿಯನ್ನು ವಿರೋಧಿಸಿ ನೀಲ್ ಯಂಗ್ ಹೊರನಡೆದರು, 2024ರಲ್ಲಿ ಮರಳಿದರು.

ಎರಡು, ಸರ್ಕಾರದ ಸೂಚನೆ. 2025ರ ಮೇ 7ರಂದು ಆಪರೇಷನ್ ಸಿಂಧೂರ ನಡೆಯಿತು. ಮರುದಿನ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಪಾಕಿಸ್ತಾನ ಮೂಲದ ಸಿನಿಮಾ, ವೆಬ್ ಸರಣಿ, ಹಾಡು, ಪಾಡ್‌ಕಾಸ್ಟ್‌ಗಳನ್ನು ನಿಲ್ಲಿಸುವಂತೆ ಸ್ಟ್ರೀಮಿಂಗ್ ಸೇವೆಗಳಿಗೆ ಸೂಚಿಸಿತು. ಆಮೇಲೆ ಅಲ್ಲಿನ ಹಲವು ಹಾಡುಗಳು ನಮ್ಮ ಫೋನುಗಳಲ್ಲಿ ಕಾಣದಾದವು.

ಮೂರು, ವ್ಯಾಪಾರದ ಜಗಳ. 2023ರ ಮಾರ್ಚ್‌ನಲ್ಲಿ ಜೀ ಮ್ಯೂಸಿಕ್ ಹಾಡುಗಳು ಸ್ಪಾಟಿಫೈನಿಂದ ಹೋದದ್ದು ಪರವಾನಗಿ ಒಪ್ಪಂದ ಕುದುರದೆ. ಅದರಲ್ಲಿ ಯುದ್ಧವೂ ಇಲ್ಲ, ಪ್ರತಿಭಟನೆಯೂ ಇಲ್ಲ.

ಹಾಗಾದರೆ ಮಹಾಯುದ್ಧ?

ಸಂಘರ್ಷ ಬೆಳೆಯುವ ಅಪಾಯ ಸುಳ್ಳಲ್ಲ. 2025ರ ಜೂನ್ 23ರಂದು ಇರಾನ್ ಕತಾರ್‌ನಲ್ಲಿರುವ ಅಮೆರಿಕದ ಅಲ್ ಉದೈದ್ ನೆಲೆಯ ಮೇಲೆ ಕ್ಷಿಪಣಿ ಹಾರಿಸಿದಾಗ ಕತಾರ್ ವಾಯುಪ್ರದೇಶ ಮುಚ್ಚಿತು. ದೋಹಾದಲ್ಲಿ ಮಗನೋ ಮಗಳೋ ಇರುವ ಮನೆಗಳಿಗೆ ಆ ರಾತ್ರಿ ಹೇಗಿತ್ತೆಂದು ಹೇಳಬೇಕಿಲ್ಲ. ಮರುದಿನವೇ ಇರಾನ್–ಇಸ್ರೇಲ್ ಕದನವಿರಾಮ ಜಾರಿಗೆ ಬಂತು.

ಯುದ್ಧ ಬೆಳೆಯಲು ದಾರಿಗಳಿರುವಂತೆ ತಡೆಯಲೂ ವ್ಯವಸ್ಥೆಗಳಿವೆ. ಭಾರತ ಮತ್ತು ಪಾಕಿಸ್ತಾನ ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು 1988ರಲ್ಲಿ ಒಪ್ಪಂದ ಮಾಡಿಕೊಂಡಿವೆ. ಅದರಂತೆ 1992ರಿಂದ ಪ್ರತಿ ಜನವರಿ 1ರಂದು ಸ್ಥಾವರಗಳ ಪಟ್ಟಿ ವಿನಿಮಯವಾಗುತ್ತದೆ. ಎರಡೂ ಸೇನೆಗಳ ಕಾರ್ಯಾಚರಣೆ ಮಹಾನಿರ್ದೇಶಕರ ನಡುವೆ ನೇರ ಫೋನ್ ಸಂಪರ್ಕವಿದೆ. 2025ರ ಮೇ 10ರಂದು ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಕಡೆಯಿಂದ ಕರೆ ಬಂತು, ಸಂಜೆ 5ರಿಂದ ಗುಂಡಿನ ಕಾಳಗ ನಿಲ್ಲಿಸಲು ಒಪ್ಪಿಗೆಯಾಯಿತು. ಅದೇ ದಿನಗಳಲ್ಲಿ ವಿಡಿಯೋ ಗೇಮ್‌ನ ದೃಶ್ಯಗಳನ್ನೇ ನಿಜವಾದ ದಾಳಿ ಎಂದು ಜನ ಹಂಚಿದರು. ಅವು ಸುಳ್ಳೆಂದು ಪಿಐಬಿ ಫ್ಯಾಕ್ಟ್ ಚೆಕ್ ಹೇಳಬೇಕಾಯಿತು.

ಬೋಳಾರಕ್ಕೆ ಇದು ಹೊಸದಲ್ಲ

ಬೋಳಾರಕ್ಕೆ ತಾಗಿದ ಜೆಪ್ಪುವಿನಲ್ಲಿ, ನೇತ್ರಾವತಿ ದಡದಲ್ಲಿ, ಬಾಸೆಲ್ ಮಿಷನ್ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಅದರಲ್ಲಿ ಜರ್ಮನ್ನರು ಬಹಳ ಮಂದಿ ಇದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಇಂಥ ಉದ್ಯಮಗಳನ್ನು ಶತ್ರು ಆಸ್ತಿಯೆಂದು ವಶಕ್ಕೆ ತೆಗೆದುಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಸೇರಿದವು. ಯುರೋಪಿನಲ್ಲಿ ಯುದ್ಧ ಆರಂಭಿಸಿದವರಿಗೂ ಇಲ್ಲಿ ಮಣ್ಣು ತುಳಿದು ಹೆಂಚು ಸುಟ್ಟವರಿಗೂ ಏನೂ ಸಂಬಂಧವಿರಲಿಲ್ಲ. ಆದರೂ ಕೆಲಸದ ಜಾಗದ ಒಡೆತನ ಬದಲಾಯಿತು. ಮೇಲಿರುವವರ ಹಣ ಮತ್ತು ಪೌರತ್ವದ ಪ್ರಶ್ನೆ ಕೆಳಗೆ ದುಡಿಯುವವರ ಮನೆ ಬಾಗಿಲಿಗೂ ಬರುತ್ತದೆ.

ಆ್ಯಪ್ ಬಿಟ್ಟರೆ ಯಾರಿಗೆ ಪೆಟ್ಟು?

ಸ್ಪಾಟಿಫೈಯಲ್ಲಿ ಎಲ್ಲರ ದುಡ್ಡೂ ದೇವಸ್ಥಾನದ ಹುಂಡಿಯಂತೆ ಒಂದೇ ಕಡೆ ಬೀಳುತ್ತದೆ. ಒಟ್ಟು ಕೇಳಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಹಂಚಿಕೆ. ನೀವು ತಿಂಗಳಿಡೀ ತುಳು ಹಾಡನ್ನಷ್ಟೇ ಕೇಳಿದರೂ ನಿಮ್ಮ ದುಡ್ಡೆಲ್ಲ ಆ ಗಾಯಕರಿಗೆ ಸೇರುವುದಿಲ್ಲ. 2024ರಿಂದ ಇನ್ನೊಂದು ನಿಯಮವಿದೆ. ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿನ ಧ್ವನಿಮುದ್ರಣಕ್ಕೆ ರಾಯಧನವೇ ಇಲ್ಲ. ಸಣ್ಣ ಭಾಷೆಯ ಹೊಸ ಗಾಯಕರಿಗೆ ಈ ಗೆರೆ ದಾಟುವುದೇ ಕಷ್ಟ.

ಹೆಸರಾಂತ ತಂಡ ಆ್ಯಪ್ ಬಿಟ್ಟರೂ ಅಭಿಮಾನಿಗಳು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಕಿಂಗ್ ಗಿಜರ್ಡ್ ತಂಡ ಬ್ಯಾಂಡ್‌ಕ್ಯಾಂಪ್ ತಾಣದಲ್ಲಿ "ಇಷ್ಟವಿದ್ದಷ್ಟು ಕೊಡಿ" ಎಂದು ಆಲ್ಬಂಗಳನ್ನು ಇಟ್ಟಿತು. ನಮ್ಮೂರಿನ ಗಾಯಕಿಗೆ ಅಷ್ಟು ಸುಲಭವಲ್ಲ.

ಏನು ಮಾಡಬಹುದು?

ಆ್ಯಪ್ ಇಟ್ಟುಕೊಳ್ಳುವುದು, ಬಿಡುವುದು ನಿಮ್ಮ ಆಯ್ಕೆ. ಬಿಡುವುದಾದರೆ ನೀವು ಕೇಳುವ ಸ್ಥಳೀಯ ಕಲಾವಿದರು ಬೇರೆಲ್ಲಿ ಸಿಗುತ್ತಾರೆ ಎಂದು ನೋಡಿಕೊಂಡು ಬಿಡಿ. ಉಳಿಸಿಕೊಳ್ಳುವುದಾದರೆ ಅವರ ಕಾರ್ಯಕ್ರಮಕ್ಕೆ ಟಿಕೆಟ್ ಕೊಂಡು ಹೋಗಿ. ಆ ದುಡ್ಡು ಅವರಿಗೆ ತಲುಪುವ ದಾರಿ ಇನ್ನೂ ಚಿಕ್ಕದು.

ಮಹಾಯುದ್ಧದ ಸಂದೇಶ ಬಂದರೆ ದಿನಾಂಕ ನೋಡಿ, ಅಧಿಕೃತ ಮೂಲ ಇದೆಯೇ ಎಂದು ಹುಡುಕಿ. ಗಲ್ಫ್‌ನಲ್ಲಿ ನಿಮ್ಮವರಿದ್ದರೆ ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯ ಪುಟ ನೋಡಿ. ಅದಕ್ಕೂ ಮೊದಲು, ಗುಂಪಿಗೆ ಫಾರ್ವರ್ಡ್ ಮಾಡುವ ಬದಲು ಅವರಿಗೇ ಒಂದು ಕರೆ ಮಾಡಿ.