ಅಂಕವೇ ಆರೋಪವಾದಾಗ: ನೆದರ್‌ಲೆಂಡ್ಸ್‌ನ ಶಿಶುಪಾಲನಾ ಭತ್ಯೆ ಹಗರಣ

ನೆದರ್‌ಲೆಂಡ್ಸ್‌ನಲ್ಲಿ ದುಡಿಯುವ ತಂದೆತಾಯಿಯರು ಮಕ್ಕಳನ್ನು ಶಿಶುವಿಹಾರಕ್ಕೆ ಬಿಟ್ಟರೆ ಅದರ ಖರ್ಚಿನ ಒಂದು ಪಾಲನ್ನು ಸರ್ಕಾರ ಭತ್ಯೆಯಾಗಿ ಕೊಡುತ್ತದೆ. ಹಗರಣದ ವರ್ಷಗಳಲ್ಲಿ ಅದನ್ನು ಹಂಚುವ ಹೊಣೆ ತೆರಿಗೆ ಇಲಾಖೆಯದಾಗಿತ್ತು. ಹಣ ಮೊದಲು ಕೈಸೇರುತ್ತದೆ, ಲೆಕ್ಕದ ತಪಾಸಣೆ ಆಮೇಲೆ. 2013ರಲ್ಲಿ ಬಲ್ಗೇರಿಯಾದ ಕೆಲವರು ಸುಳ್ಳು ವಿಳಾಸ ಕೊಟ್ಟು ಭತ್ಯೆ ಪಡೆದ ಸುದ್ದಿ ಹೊರಬಿದ್ದು ಸಂಸತ್ತಿನಲ್ಲಿ ಗದ್ದಲವೆದ್ದಿತು. ವಂಚಕರನ್ನು ಹಿಡಿಯುವುದೇ ಇಲಾಖೆಯ ಪ್ರತಿಷ್ಠೆಯ ಪ್ರಶ್ನೆಯಾಯಿತು.

ಅದೇ ವರ್ಷ ಯಂತ್ರಕಲಿಕೆಯ ಮಾದರಿಯೊಂದು ಬಳಕೆಗೆ ಬಂತು. ಹಿಂದೆ ಸರಿ ಅಥವಾ ತಪ್ಪು ಎಂದು ವಿಂಗಡಿಸಿದ್ದ ಅರ್ಜಿಗಳಿಂದ ಕಲಿತು, ಅದು ಹೊಸ ಅರ್ಜಿಗಳಿಗೆ ಅಪಾಯದ ಅಂಕ ಕೊಡುತ್ತಿತ್ತು. ಅರ್ಜಿದಾರರು ಡಚ್ ಪ್ರಜೆಯೋ ಅಲ್ಲವೋ ಎಂಬುದೂ ಅಂಕವನ್ನು ನಿರ್ಧರಿಸುವ ಅಂಶಗಳಲ್ಲಿ ಒಂದಾಗಿತ್ತು. ಹೆಚ್ಚು ಅಂಕದ ಕಡತ ಅಧಿಕಾರಿಯ ಮೇಜಿಗೆ ಹೋಗುತ್ತಿತ್ತು. ಆ ಅಂಕ ಏಕೆ ಬಂತೆಂಬುದು ಅವರಿಗೂ ಗೊತ್ತಾಗುತ್ತಿರಲಿಲ್ಲ. ಇಂಥ ವ್ಯವಸ್ಥೆಯ ಮೂಲದೋಷ ಇಲ್ಲಿದೆ: ಯಾರನ್ನು ಹೆಚ್ಚು ತಪಾಸಿಸುತ್ತಾರೋ ಅವರಲ್ಲೇ ತಪ್ಪುಗಳೂ ಹೆಚ್ಚು ಸಿಗುತ್ತವೆ. ಆ ಫಲಿತಾಂಶವನ್ನೇ ಮತ್ತೆ ಕಲಿಸಿದರೆ ಹಳೆಯ ಅನುಮಾನ ಇನ್ನಷ್ಟು ಗಟ್ಟಿಯಾಗುತ್ತದೆ.

ಕಾನೂನಿನ ಕಾಠಿಣ್ಯ ಇದರೊಡನೆ ಸೇರಿಕೊಂಡಿತು. ಒಂದು ಸಹಿ ಬಿಟ್ಟುಹೋಗಿದ್ದರೂ, ಪೋಷಕರು ಕಟ್ಟಬೇಕಾದ ಪಾಲಿನಲ್ಲಿ ಸ್ವಲ್ಪ ಬಾಕಿಯಿದ್ದರೂ ಇಡೀ ವರ್ಷದ ಭತ್ಯೆಯನ್ನು ವಾಪಸು ಕೇಳಲಾಗುತ್ತಿತ್ತು. ಮೊತ್ತ ಎಷ್ಟೋ ಸಲ ಹತ್ತಾರು ಸಾವಿರ ಯೂರೋ ಮುಟ್ಟುತ್ತಿತ್ತು. ದೇಶದ ಉನ್ನತ ಆಡಳಿತ ನ್ಯಾಯಾಲಯವೂ 2019ರವರೆಗೆ ಇದನ್ನು ಎತ್ತಿಹಿಡಿಯಿತು. ಹೀಗೆ ಸಾವಿರಾರು ಕುಟುಂಬಗಳು ಸಾಲದಲ್ಲಿ ಮುಳುಗಿದವು, ಮನೆಗಳು ಕೈತಪ್ಪಿದವು, ದಾಂಪತ್ಯಗಳು ಮುರಿದವು. ಸಂತ್ರಸ್ತ ಕುಟುಂಬಗಳ ಸಾವಿರಕ್ಕೂ ಹೆಚ್ಚು ಮಕ್ಕಳು ಆ ವರ್ಷಗಳಲ್ಲಿ ಹೆತ್ತವರಿಂದ ಬೇರೆಯಾಗಿ ಬೇರೆಡೆ ಪಾಲನೆಗೆ ಹೋದರು. ತಪ್ಪೇನೆಂದು ಕೇಳಿದ ತಾಯಂದಿರಿಗೆ ಸಿಕ್ಕ ದಾಖಲೆಗಳಲ್ಲಿ ಪುಟಗಟ್ಟಲೆ ಕಪ್ಪು ಬಳಿದಿತ್ತು. ಇಡೀ ಪ್ರಕರಣದಲ್ಲಿ ಅತ್ಯಂತ ಕ್ರೂರವಾದದ್ದು ಇದೇ.

ಸಂಸದರಾದ ಪೀಟರ್ ಓಮ್ಟ್‌ಸಿಖ್ಟ್, ರೆನ್ಸ್ಕೆ ಲೈಟನ್ ಮತ್ತು ಕೆಲವು ಪತ್ರಕರ್ತರು ಪಟ್ಟುಹಿಡಿದು ಕೆದಕಿದ್ದರಿಂದ ಸತ್ಯ ಹೊರಬಂತು. 2020ರ ಡಿಸೆಂಬರಿನಲ್ಲಿ ಸಂಸದೀಯ ಸಮಿತಿ ಇದನ್ನು ಹಿಂದೆಂದೂ ಕಾಣದ ಅನ್ಯಾಯವೆಂದು ಕರೆಯಿತು. 2021ರ ಜನವರಿ 15ರಂದು ಪ್ರಧಾನಿ ಮಾರ್ಕ್ ರುಟ್ಟೆ ಅವರ ಸರ್ಕಾರ ರಾಜೀನಾಮೆ ಕೊಟ್ಟಿತು. ಪೌರತ್ವದ ಮಾಹಿತಿಯನ್ನು ಕಾನೂನುಬಾಹಿರವಾಗಿ ಬಳಸಿದ್ದಕ್ಕೆ ದತ್ತಾಂಶ ರಕ್ಷಣಾ ಪ್ರಾಧಿಕಾರ ತೆರಿಗೆ ಆಡಳಿತಕ್ಕೆ 27.5 ಲಕ್ಷ ಯೂರೋ ದಂಡ ವಿಧಿಸಿತು.

ಆ ದೇಶದಲ್ಲಿ ಇಂಥ ಪ್ರಯೋಗ ಇದೊಂದೇ ಅಲ್ಲ. ಹಲವು ಇಲಾಖೆಗಳ ದತ್ತಾಂಶ ಬೆರೆಸಿ ವಂಚಕರನ್ನು ಹುಡುಕುತ್ತಿದ್ದ 'ಸಿರಿ' ಎಂಬ ವ್ಯವಸ್ಥೆಯನ್ನು ಹೇಗ್‌ನ ನ್ಯಾಯಾಲಯ 2020ರ ಫೆಬ್ರವರಿಯಲ್ಲಿ ಖಾಸಗಿತನದ ಉಲ್ಲಂಘನೆಯೆಂದು ರದ್ದುಮಾಡಿತು. ಭಾಷಾಜ್ಞಾನ, ಲಿಂಗ ಸೇರಿ 315 ಅಂಶಗಳನ್ನು ತೂಗುತ್ತಿದ್ದ ರಾಟರ್‌ಡ್ಯಾಮ್ ನಗರದ ಮಾದರಿ 2021ರಲ್ಲಿ ನಿಂತಿತು. ಭತ್ಯೆ ಹಗರಣದ ಸಂತ್ರಸ್ತರಿಗೆ ಸರ್ಕಾರ ತಲಾ 30 ಸಾವಿರ ಯೂರೋ ಪರಿಹಾರ ಘೋಷಿಸಿತು; ಅದಕ್ಕಿಂತ ಹೆಚ್ಚು ಕಳೆದುಕೊಂಡವರ ಲೆಕ್ಕ ತೀರಿಸುವ ಕೆಲಸ 2024ರಲ್ಲೂ ಮುಗಿದಿರಲಿಲ್ಲ.